ನಮ್ಮ ಬದುವಿನ ಮೇಲೊಂದು ಶಕ್ತಿರೇಖೆ

ಯಾರಾದರೂ ನನ್ನ ಮುಖ ನೋಡಿ ಗಟ್ಟಿಯಾಗಿ ಏನಾದರೂ ಹೇಳಿದರೆ ಸಾಕು, ನನ್ನ ತಲೆ ತಾನಾಗಿ ಆಡುತ್ತದೆ. ಒಪ್ಪಿಗೆಯಿಂದಲ್ಲ. ಇಲ್ಲ ಅನ್ನಲು ಬೇಕಾದ ಧೈರ್ಯ ಗಂಟಲಿನವರೆಗೆ ಬರುವಷ್ಟರಲ್ಲಿ ತಲೆ ತನ್ನ ಕೆಲಸ ಮುಗಿಸಿರುತ್ತದೆ. ತಮಿಳುನಾಡಿನ ಪಾಲಕೋಡು ಟೊಮ್ಯಾಟೊ ಮಂಡಿಯಲ್ಲಿ ಕೆಲಸಕ್ಕಿರುವವನಿಗೆ ಇದೇನು ಸಣ್ಣ ಕಾಯಿಲೆಯಲ್ಲ, ಹರಾಜಿನಲ್ಲಿ ತಲೆಯಾಡಿಸಿದವನೇ ಕೊಂಡವನು. ಒಮ್ಮೆ ಪಕ್ಕದವರು "ಇವತ್ತು ಬಿಸಿಲು ಜಾಸ್ತಿ" ಎಂದದ್ದಕ್ಕೆ ತಲೆಯಾಡಿಸಿ ಒಂದು ಗಾಡಿ ಹಣ್ಣು ಮನೆಗೆ ತಂದೆ. ಗೊಜ್ಜು, ಸಾರು, ತೊಕ್ಕು ಎಲ್ಲ ಮುಗಿದ ಮೇಲೆ ಉಳಿದದ್ದನ್ನು ಆಡುಗಳು ತಿಂದವು. ನನ್ನ ಹೆಂಡತಿ ರತ್ನ ಈಗಲೂ ಮದುವೆ ಮನೆಯ ಬಾಗಿಲಲ್ಲಿ ನಿಂತು, "ಯಾರೇನಂದ್ರೂ ಕತ್ತು ಬಿಗಿಯಾಗಿ ಇಟ್ಕಳಿ," ಎಂದು ಎಚ್ಚರಿಸಿಯೇ ಒಳಗೆ ಬಿಡುವುದು.

ಈ ಕಾಯಿಲೆಯ ಪೂರ್ತಿ ಲಾಭ ಪಡೆದವನು ಅವಳ ತಮ್ಮ ಮಾದೇಶ. ಧರ್ಮಪುರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನು, ಸುಮ್ಮನೆ ಕೂರಲಾರ, ಅಷ್ಟೇ. ಒಂದು ವರ್ಷ ವಾಸ್ತು ಹಿಡಿದುಕೊಂಡು ನಮ್ಮ ಫ್ರಿಜ್ಜನ್ನು ಮೂಲೆಗೆ ತಳ್ಳಿಸಿದ. ಅಂದಿನಿಂದ ಅದರ ಬಾಗಿಲು ಅರ್ಧವೇ ತೆರೆಯುತ್ತದೆ, ಹಾಲಿನ ಪಾತ್ರೆಯನ್ನು ಓರೆ ಮಾಡಿ ತೆಗೆಯುತ್ತೇವೆ. ಮುಂದಿನ ವರ್ಷ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನೀರು ಹುಡುಕಿದ. ಕಾಯಿ ಎದ್ದು ನಿಂತ ಕಡೆ ಬೋರು ಕೊರೆಸಿದೆವು, ಧೂಳು ಬಂತು. "ನೀರು ಐತೆ ಬಾವ, ಇನ್ನೂ ಕೆಳಗೈತೆ," ಎಂದ. ನಾನು ತಲೆಯಾಡಿಸಿದೆ.

ಈ ಸಲ ಅವನನ್ನು ಹಿಡಿದದ್ದು ಭೂಮಿಯ ಶಕ್ತಿರೇಖೆ. ಹಿಂದಿನವರು ಗುಡಿಗಳನ್ನು ಕಂಡಕಂಡಲ್ಲಿ ಕಟ್ಟಲಿಲ್ಲವಂತೆ, ನೆಲದೊಳಗೆ ಕರೆಂಟಿನ ಹಾಗೆ ಹರಿಯುವ ಗೆರೆಗಳ ಮೇಲೆಯೇ ಕಟ್ಟಿದರಂತೆ. ಯಾವುದೋ ವಿಡಿಯೋ ನೋಡಿ, ಫೋನಿನ ನಕ್ಷೆಯಲ್ಲಿ ತಾರಮಂಗಲಂನ ಕೈಲಾಸನಾಥರ್ ಗುಡಿಯಿಂದ ಅದಿಯಮಾನ್‌ಕೋಟೆಯ ಹಳೇ ಗುಡಿಗೆ ಗೆರೆ ಎಳೆದು, ಅದನ್ನು ಹಾಗೇ ಮುಂದಕ್ಕೆ ಬಿಟ್ಟಿದ್ದ. "ನೋಡಿ ಬಾವ, ಎಷ್ಟು ನೇರ ಐತೆ!" ಎಂದ. ಎರಡೇ ಚುಕ್ಕೆ ಇದ್ದರೆ ಗೆರೆ ನೇರವಾಗಿಯೇ ಇರುತ್ತದೆ ಎಂದು ಹತ್ತನೇ ಕ್ಲಾಸು ಫೇಲಾದ ನನಗೂ ಗೊತ್ತು. ದೂರದಿಂದ ಗೆರೆ ಗಂಭೀರವಾಗಿಯೇ ಇತ್ತು. ಹಿಗ್ಗಿಸಿ ನೋಡಿದರೆ ಒಂದು ಪೆಟ್ರೋಲ್ ಬಂಕು, ಒಂದು ಬ್ರಾಯ್ಲರ್ ಕೋಳಿ ಫಾರಂ, ಒಂದು ಕಲ್ಯಾಣ ಮಂಟಪದ ಕಕ್ಕಸು, ಎಲ್ಲವನ್ನೂ ಹರಸಿಕೊಂಡು ಬರುತ್ತಿತ್ತು. ಕೋಳಿ ಫಾರಂ ಯಾಕಪ್ಪಾ ಎಂದೆ. "ಅದಕ್ಕೇ ಅಲ್ಲಿ ಕೋಳಿ ಬೇಗ ಬೆಳಿತವೆ," ಎಂದ. ಆಮೇಲೆ ಬೆರಳಿಟ್ಟು ತೋರಿಸಿದ. ಗೆರೆ ನಮ್ಮ ಹೊಲದ ಬದುವಿನ ಮೇಲೆ ಹಾದಿತ್ತು. ಅಲ್ಲಿ ಅರಿಶಿನ ಬಳಿದ ಮೂರು ಕಲ್ಲುಗಳಿವೆ. ಭಾನುವಾರ ಸೇಲಂನಿಂದ ತನ್ನ ಗ್ರೂಪಿನವರನ್ನು ಅಲ್ಲಿ ಧ್ಯಾನಕ್ಕೆ ಕರೆತರಲೇ ಎಂದು ಕೇಳಿದ. ನನ್ನ ತಲೆ ಆಡಿಯೇಬಿಟ್ಟಿತು.

ಆ ಕಲ್ಲುಗಳು ನನ್ನ ಇಬ್ಬರು ಅಣ್ಣಂದಿರು ಮತ್ತು ಒಬ್ಬ ಅಕ್ಕ. ನನಗಿಂತ ಮುಂಚೆ ಹುಟ್ಟಿ, ಹಲ್ಲು ಮೂಡುವ ಮೊದಲೇ ಹೋದವರು. ಅಂಥ ಕೂಸುಗಳನ್ನು ನಮ್ಮಲ್ಲಿ ಸುಡುವುದಿಲ್ಲ, ತಿಥಿ ಮಾಡುವುದಿಲ್ಲ. ಹೆಸರಿಡುವಷ್ಟು ದಿನವೂ ಅವು ಉಳಿದಿರಲಿಲ್ಲ. ಅಪ್ಪ ಬದುವಿನ ಉದ್ದಕ್ಕೆ ಒಂದರ ಪಕ್ಕ ಒಂದನ್ನು ಮಣ್ಣು ಮಾಡಿ, ತಲೆಯ ಕಡೆ ಒಂದೊಂದು ಕಲ್ಲು ನೆಟ್ಟಿದ್ದರು. ಬದು ನೇರವಾಗಿತ್ತು, ಕಲ್ಲೂ ನೇರವಾದವು. ನಾಲ್ಕನೆಯವನಾಗಿ ನಾನು ಹುಟ್ಟಿದಾಗ ಯಮನಿಗೆ ಆಸೆ ಹುಟ್ಟದಿರಲಿ ಎಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ ಎಂದು ಹೆಸರಿಟ್ಟರು. ಮಂಡಿಯ ತಮಿಳರು ಅದನ್ನೇ ಕುಪ್ಪುಸಾಮಿ ಮಾಡಿಕೊಂಡಿದ್ದಾರೆ. ಎರಡು ಭಾಷೆಯಲ್ಲೂ ನಾನು ಕಸವೇ.

ಇದನ್ನು ನನಗೆ ಹೇಳಿದ್ದು ಅಪ್ಪನ ತಂಗಿ. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ನಾನೊಮ್ಮೆ ಮೊದಲನೇ ಕಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಅತ್ತೆ ಓಡಿಬಂದು ಕಿವಿ ಹಿಡಿದು, "ಇಳಿಯೋ ಲೇ, ನಿಮ್ಮಣ್ಣನ ಮ್ಯಾಲೆ ಕುಂತಿದ್ದೀಯಲ್ಲೋ!" ಎಂದು ಅತ್ತುಬಿಟ್ಟಿದ್ದಳು. ಅವ್ವ ಮಾತ್ರ ಆ ಭಾನುವಾರದವರೆಗೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಆಡು ಈದಾಗೆಲ್ಲ ಮೊದಲ ಗಿಣ್ಣುಹಾಲನ್ನು ಒಂದು ಚೊಂಬಿನಲ್ಲಿ ತೆಗೆದುಕೊಂಡು ಹೋಗಿ ಮೂರು ಕಲ್ಲಿಗೂ ಎರೆದು ಬರುತ್ತಾಳೆ. ರತ್ನ ಅವುಗಳನ್ನು ಹೊಲದ ದೇವರು ಎಂದುಕೊಂಡಿದ್ದಳು. ನನಗೆ ಗೊತ್ತಿದೆ ಎಂದು ಅವ್ವನಿಗೆ ಗೊತ್ತಿಲ್ಲ ಅಂತ ನಾನಂದುಕೊಂಡಿದ್ದೆ. ಹಾಗೇ ನಮ್ಮಿಬ್ಬರಿಗೂ ವಯಸ್ಸಾಗಿತ್ತು.

ಈಗ ಅವಳ ಮಕ್ಕಳ ಮೇಲೆ ಅಪರಿಚಿತರು ಚಾಪೆ ಹಾಸಿ ಕೂರುತ್ತಾರೆ. ಅವ್ವ ಅದನ್ನು ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ನನಗೆ ಊಟ ಸೇರಲಿಲ್ಲ. ಮಾದೇಶನಿಗೆ ಫೋನು ಮಾಡಿ, "ಆ ಕಲ್ಲಿನ ವಿಷಯ..." ಎಂದೆ. "ಗೊತ್ತಾಯ್ತು ಬಾವ! ನಿಮಗೂ ವೈಬ್ರೇಶನ್ ಬರ್ತಾ ಐತೆ, ಅಲ್ವಾ?" ಎಂದ. ಫೋನಿನಲ್ಲಿ ಕಾಣುವುದಿಲ್ಲ ಎಂದು ಗೊತ್ತಿದ್ದೂ ತಲೆಯಾಡಿಸಿದೆ.

ಭಾನುವಾರ ಬೆಳಿಗ್ಗೆ ವ್ಯಾನು ಬಂತು. ಹತ್ತು ಹನ್ನೆರಡು ಜನ ಇಳಿದು ಚಪ್ಪಲಿ ಬಿಟ್ಟು, ಕಲ್ಲುಗಳ ಸುತ್ತ ಕಣ್ಣು ಮುಚ್ಚಿ ಕೂತರು. ಮಾದೇಶ ಅದೇ ಹಳೇ ವಿದ್ಯೆಯಂತೆ ತೆಂಗಿನಕಾಯಿ ಹಿಡಿದು ಅಡ್ಡಾಡುತ್ತಿದ್ದ. ರತ್ನ ಎಲ್ಲರಿಗೂ ಟೀ ತಂದಳು. ನನಗೂ ಒಂದು ಲೋಟ ಕೊಟ್ಟಳು. ಮೂರನೇ ಕಲ್ಲಿನ ಹತ್ತಿರ ಕೂತಿದ್ದ ಒಬ್ಬ ಹೆಂಗಸು ಇದ್ದಕ್ಕಿದ್ದಂತೆ ಅಳತೊಡಗಿದರು. "ಇಂಗ ಏದೋ ಇರುಕ್ಕು," ಇಲ್ಲಿ ಏನೋ ಇದೆ ಎಂದರು. ಅದು ನನ್ನ ಅಕ್ಕ ಇರುವ ಜಾಗ. ಅವರಿಗೆ ಮನೆಯಲ್ಲಿ ಏನು ದುಃಖವಿತ್ತೋ, ನನಗೇನು ಗೊತ್ತು? ನಗಬೇಕೆಂದೇ ನಿಂತಿದ್ದ ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಅವ್ವ ಚೊಂಬು ಹಿಡಿದು ಬರುವುದು ಕಾಣಿಸಿತು. ನಮ್ಮ ಕಪ್ಪು ಆಡು ಆ ಬೆಳಗ್ಗೆಯೇ ಈದಿತ್ತು.

"ಯಾರಪ್ಪಾ ಇವ್ರೆಲ್ಲ?" ಎಂದಳು.

"ಅತ್ತೆ, ಇವು ಬಾಳ ಶಕ್ತಿ ಇರೋ ಕಲ್ಲು," ಎಂದ ಮಾದೇಶ. "ಕೈಮುಗಿದು ಕುಂಬಿಡೋಕೆ ಅಂತ ಸೇಲಂನಿಂದ ಬಂದವ್ರೆ."

"ಇವುಕ್ಕಾ?" ಎಂದು ಅವ್ವ ಒಂದೊಂದೇ ಕಲ್ಲನ್ನು ನೋಡಿದಳು. "ಅಷ್ಟು ದೂರದಿಂದಾ?" ಆಮೇಲೆ ಮೆಲ್ಲಗೆ, "ಕುಂಬಿಟ್ಕಳ್ಳಿ ಬುಡು," ಎಂದಳು.

ಅವಳು ಬಗ್ಗಿ ಹಾಲೆರೆದಳು. ಅವಳ ಹಿಂದೆ ಅಷ್ಟೂ ಜನ ಕೈಮುಗಿದು ನಿಂತರು. ಒಬ್ಬರು ಹಾರ ತಂದಿದ್ದರು, ಅವ್ವ ತಾನೇ ಇಸಿದುಕೊಂಡು ಮೂರನೇ ಕಲ್ಲಿಗೆ ಹಾಕಿ, ಅದು ಸರಿಯಾಗಿ ಕೂರುವವರೆಗೆ ತಿದ್ದಿದಳು. ಹೆಸರೇ ಇಲ್ಲದ ಆ ಮೂವರಿಗೆ ಅದುವರೆಗೆ ಅವ್ವನನ್ನು ಬಿಟ್ಟರೆ ಯಾರೂ ಕೈಮುಗಿದಿರಲಿಲ್ಲ. ಅವರ ತಮ್ಮನಾದ ನಾನೂ ಮುಗಿದಿರಲಿಲ್ಲ. ನನಗೆ ತಡೆಯಲಾರದಷ್ಟು ಅಳು ಬಂತು, ಟೀ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ.

ಮಾದೇಶನಿಗೆ ಮಾತ್ರ ಸಮಾಧಾನವಿಲ್ಲ. ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕಿ ಅಳೆದು, ಮೂರನೆಯದರ ಪಕ್ಕದ ಖಾಲಿ ಜಾಗದಲ್ಲಿ ನಿಂತ. "ಲೆಕ್ಕದ ಪ್ರಕಾರ ಇಲ್ಲಿ ಇನ್ನೊಂದು ಇರ್ಲೇಬೇಕು. ನಾಕನೇದನ್ನ ಯಾರೋ ಕಿತ್ತಾಕವ್ರೆ ಬಾವ!"

"ಯಾರೂ ಕಿತ್ತಿಲ್ಲ ಕಣಪ್ಪಾ," ಎಂದಳು ಅವ್ವ, ಸೆರಗಿಗೆ ಕೈ ಒರೆಸುತ್ತಾ. "ಅದುಕ್ಕೂ ಜ್ವರ ಬಂದಾಗ ಇವರಪ್ಪ ಆ ಜಾಗ ನೋಡಿ ಮಡಗಿದ್ರು. ನಾಕನೇದು ಅಗೋ, ಅಲ್ಲಿ ನಿಂತ್ಕಂಡು ಟೀ ಕುಡೀತಾ ಐತೆ."

ಎಲ್ಲರೂ ನನ್ನ ಕಡೆ ತಿರುಗಿದರು. ರತ್ನ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಾದೇಶ ತಾನು ನಿಂತಿದ್ದ ಜಾಗ ಯಾವುದೆಂದು ತಿಳಿದು ಸರಕ್ಕನೆ ಪಕ್ಕಕ್ಕೆ ಸರಿದ. ಕನ್ನಡ ತಿಳಿಯದ ಆ ಸೇಲಂ ಹೆಂಗಸು, ಅವ್ವ ಕೈ ತೋರಿಸಿದ್ದನ್ನಷ್ಟೇ ನೋಡಿ, ನನಗೂ ಭಕ್ತಿಯಿಂದ ಕೈಮುಗಿದರು. ಲೋಟ ಎಲ್ಲಿಡಬೇಕೋ ನನಗೆ ತೋಚಲಿಲ್ಲ.

ಅವ್ವ ಖಾಲಿ ಚೊಂಬು ಹಿಡಿದು ನನ್ನ ಹತ್ತಿರ ಬಂದಳು. "ನಿಂಗೆ ಗೊತ್ತಿತ್ತೇನ್ಲಾ?" ಎಂದು ಮೆತ್ತಗೆ ಕೇಳಿದಳು.

ತಲೆಯಾಡಿಸಿದೆ. ಯಾರು ಏನಂದರೂ ತಾನಾಗಿ ಆಡುವ ಈ ತಲೆ ಆವತ್ತು ತಾನಾಗಿ ಆಡಲಿಲ್ಲ. ನಾನೇ ಆಡಿಸಬೇಕಾಯಿತು, ಬಹಳ ಭಾರವಿತ್ತು.