ಬೀಗರೂ ಬಾರದ ಬೋಲ್ಟೂ

"ಕುಂಯ್ಕ್... ಕಟಕ್!"

ಈ ಸದ್ದಿನಿಂದಲೇ ನನ್ನ ಮಗಳ ಮದುವೆ ಗಟ್ಟಿಯಾಯಿತು ಎಂದರೆ ನೀವು ನಗುತ್ತೀರಿ. ನಗಿ. ಜಾತಕ ನೋಡಿ ಸಂಬಂಧ ಮಾಡುವವರನ್ನು ಕಂಡಿದ್ದೇನೆ, ಪಹಣಿ ನೋಡಿ ಮಾಡುವವರನ್ನೂ ಕಂಡಿದ್ದೇನೆ. ಮೋಟರ್ ಸೈಕಲ್ಲಿನ ಹಿಂದಿನ ಚಕ್ರ ಅಲ್ಲಾಡಿಸಿ ಸಂಬಂಧ ಒಪ್ಪಿದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ, ನಮ್ಮ ಸೊರಬದ ಬೀಗರು!

ಆ ಸದ್ದು ನಮ್ಮ ಯಜಮಾನರ ಹಳೇ ಬೈಕಿನದು. ಶಿಕಾರಿಪುರದ ನಮ್ಮ ಬೀದಿಯ ತಿರುವಿನಲ್ಲೊಂದು ಹಂಪ್ ಇದೆ. ಹತ್ತುವಾಗ 'ಕುಂಯ್ಕ್', ಇಳಿಯುವಾಗ 'ಕಟಕ್'. ಕೇಳಿದೊಡನೆ ನಾನು ಕಾಫಿಗೆ ಹಾಲು ಇಡುತ್ತಿದ್ದೆ. ಅವರು ಚಪ್ಪಲಿ ಬಿಡುವ ಹೊತ್ತಿಗೆ ಹಾಲು ಉಕ್ಕುತ್ತಿತ್ತು. ಪರ್ಫೆಕ್ಟ್ ಟೈಮಿಂಗ್!

ಗಂಡಿನ ಕಡೆಯವರು ಮೊದಲ ಸಲ ಮನೆಗೆ ಬಂದ ದಿನ ಯಜಮಾನರು ಸ್ವೀಟ್ ತರಲು ಹೋಗಿದ್ದರು. ನಾನೋ ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಕಲಿಸಿದ ಹಾಗೆ ಉಪ್ಪಿಟ್ಟಿನ ಪ್ಲೇಟಿನ ಪಕ್ಕ ಚಮಚ ನೇರವಾಗಿಟ್ಟು, ನ್ಯಾಪ್‌ಕಿನ್ ಮಡಿಸಿ, ಲೇಡಿ ಲೈಕ್ ಆಗಿ ನಿಂತಿದ್ದೆ. ಹುಡುಗನ ತಂದೆ ಸೊರಬದಲ್ಲಿ ಅಕ್ಕಿ ಗಿರಣಿ ನಡೆಸಿ ಆಗತಾನೆ ಮಗನ ಕೈಗೆ ಬಿಟ್ಟವರು. ಗರಿಗರಿ ಬಿಳಿ ಪಂಚೆ, ಹಣೆತುಂಬ ವಿಭೂತಿ. ಹೊರಗೆ 'ಕುಂಯ್ಕ್... ಕಟಕ್' ಎಂದಿದ್ದೇ ತಡ, ಉಪ್ಪಿಟ್ಟು ಬಿಟ್ಟು ಎದ್ದರು ನೋಡಿ! ಯಜಮಾನರ ಕೈಲಿ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿ, ಹಿಂದಿನ ಚಕ್ರ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸತೊಡಗಿದರು.

"ತಾವು ಯಾರಂತ ಗೊತ್ತಾಗ್ಲಿಲ್ರಿ," ಎಂದರು ಯಜಮಾನರು.

"ಹುಡುಗನ ಅಪ್ಪ. ಸ್ವಿಂಗ್ ಆರ್ಮ್ ಬೇರಿಂಗ್ ಹೋಗಿದೆ ಕಣ್ರೀ. ಹಾಕಿಸಬಾರದಾ?"

"ಗೊತ್ತೈತ್ರಿ. ಈ ಸದ್ದು ಕೇಳೇ ನಮ್ಮನಿಯಾಕಿ ಹಾಲು ಇಡೋದು. ಬೇರಿಂಗ್ ಹಾಕಿಸಿದ್ರ ನನಗ ಕಾಫಿ ಸಿಗೋದು ತಡ ಆಗ್ತೈತಿ!"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಬಂದವರೇ ಹೆಂಡತಿಗೆ, "ಹುಡುಗಿ ನೋಡೋದೇನಿದೆ? ಒಳ್ಳೇ ಮನೆ. ಒಪ್ಪಿಗೆ ಅಂತ ಹೇಳಿಬಿಡು," ಎಂದರು. ನನ್ನ ಮಗಳು ಇನ್ನೂ ಒಳಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದಳು!

ಸ್ವಿಂಗ್ ಆರ್ಮ್ ಎಂದರೆ ಹಿಂದಿನ ಚಕ್ರವನ್ನು ತಬ್ಬಿ ಹಿಡಿದಿರುವ ಕಬ್ಬಿಣದ ತೋಳು. ಅದು ಬೈಕಿನ ಮೈಗೆ ಸೇರುವ ಕಡೆ ಒಂದು ಉದ್ದನೆಯ ಬೋಲ್ಟು, ಬೋಲ್ಟಿನ ಸುತ್ತ ಬೇರಿಂಗು. ಬೇರಿಂಗ್ ಸವೆದರೆ ಚಕ್ರ ಅಡ್ಡಡ್ಡ ಆಡುತ್ತದೆ, ಅದಕ್ಕೆ 'ಪ್ಲೇ' ಎನ್ನುತ್ತಾರೆ. ವರ್ಡ್ಸ್‌ವರ್ತ್ ಬಾಯಿಪಾಠ ಮಾಡಿದ ನಾನು ಇದನ್ನೆಲ್ಲ ಹೇಳುತ್ತಿದ್ದೇನೆಂದರೆ ಆ ಮನುಷ್ಯನ ಪ್ರಭಾವ ಎಂಥದ್ದಿರಬೇಕು!

ಅವರಿಗೆ ಲೋಕದಲ್ಲಿ ಕಂಡದ್ದೆಲ್ಲ ಅಲ್ಲಾಡಿಸಿ ನೋಡುವ ಚಟ. ಮದುವೆಯಲ್ಲಿ ಧಾರೆ ಮಂಟಪದ ಕಂಬ ಅಲ್ಲಾಡಿಸಿ "ಪ್ಲೇ ಇದೆ" ಎಂದು ಷಾಮಿಯಾನದವನನ್ನು ಕರೆಸಿದರು. ಶಿರಾಳಕೊಪ್ಪದಲ್ಲಿ ಹಲ್ಲಿನ ಡಾಕ್ಟರು ಇವರ ಹಲ್ಲು ಮುಟ್ಟುವ ಮೊದಲೇ ಇವರು ಡಾಕ್ಟರ ಕುರ್ಚಿ ಅಲ್ಲಾಡಿಸಿ, "ನನ್ನ ಹಲ್ಲು ಆಮೇಲಾಯ್ತು, ಮೊದಲು ಇದಕ್ಕೆ ಟ್ರೀಟ್‌ಮೆಂಟ್ ಕೊಡಿ," ಎಂದರಂತೆ! ನಮ್ಮ ಮನೆಗೆ ಬಂದಾಗಲೆಲ್ಲ ಚಕ್ರ ಅಲ್ಲಾಡಿಸುವುದು, "ಹಾಕ್ಸಿ ಬೀಗರೇ" ಎನ್ನುವುದು. ಯಜಮಾನರು "ಕಾಫಿ ಕುಡೀರಿ ಬೀಗರ" ಎನ್ನುವುದು. ವರ್ಷಗಟ್ಟಲೆ ಇದೇ ಡೈಲಾಗು.

ಹೀಗಿರುವಾಗ ಒಂದು ಬೆಳಗ್ಗೆ ಯಜಮಾನರು ಕಾಫಿ ಕುಡಿದು, ಪೇಪರ್ ಹಿಡಿದು ಕೂತವರು ಹಾಗೇ ಹೋಗಿಬಿಟ್ಟರು. ಹಾರ್ಟ್.

ಆಮೇಲೆ ನಾನು ಅಡುಗೆಗೆ ಒಲೆ ಹಚ್ಚುವುದನ್ನೇ ಬಿಟ್ಟೆ. ಒಬ್ಬಳಿಗೋಸ್ಕರ ಏನು ಅಡುಗೆ? ಟೀ, ಬ್ರೆಡ್ಡು, ಎರಡು ಬಿಸ್ಕತ್ತು. ಮಗಳು ಸೊರಬದಿಂದ ಫೋನ್ ಮಾಡಿ "ಊಟ ಆಯ್ತಾ ಅಮ್ಮ?" ಎಂದರೆ "ಆಯ್ತಮ್ಮ" ಎನ್ನುತ್ತಿದ್ದೆ. ಬಂದು ನೋಡಿದವಳು ನನ್ನ ಬಳೆ ಮೊಣಕೈವರೆಗೆ ಜಾರುವುದನ್ನು ಕಂಡು ಅತ್ತಳು. "ನಮ್ಮನೆಗೇ ಬಂದುಬಿಡು," ಎಂದಳು. ಮಗಳ ಮನೆಯಲ್ಲಿ ಎಷ್ಟು ದಿನ ಇರುವುದು? ಬರುವುದಿಲ್ಲ ಎಂದೆ. "ಆ ಬೈಕೊಂದನ್ನು ಗುಜರಿಯವನಿಗೆ ಕೊಟ್ಟುಬಿಡಲು ನಿಮ್ಮ ಮಾವನಿಗೆ ಹೇಳು," ಎಂದೆ.

ಮಾರನೇ ಬೆಳಗ್ಗೆಯೇ ಬೀಗರು ಬಸ್ಸಿಳಿದು ಬಂದರು. ಕೈಯಲ್ಲಿ ಸ್ಪ್ಯಾನರಿನ ಚೀಲ, ಎಣ್ಣೆ ಡಬ್ಬಿ.

"ಗುಜರಿಗೆ ಆಮೇಲೆ ಕೊಡೋಣ. ಬೇರಿಂಗ್ ಹೋದ ಗಾಡೀನ ಹಾಗೇ ಕಳಿಸಿದ್ರೆ ಬೀಗರು ನನ್ನ ಕನಸಲ್ಲಿ ಬಂದು ನಗ್ತಾರೆ."

ನಾನು ಟೀ, ಬಿಸ್ಕತ್ತು ತಂದಿಟ್ಟೆ. ಅವರು ಪ್ಲೇಟನ್ನೇ ದಿಟ್ಟಿಸಿದರು.

"ಬೀಗ್ತಿಯವರೇ, ಸೊರಬಕ್ಕೆ ಹೋಗಿ ನಾನೇನು ಹೇಳ್ಲಿ? ಶಿಕಾರಿಪುರದಲ್ಲಿ ಬೀಗರಿಗೆ ಬಿಸ್ಕತ್ತು ಹಾಕಿದ್ರು ಅಂತಲಾ?"

ಎಂಥಾ ಮಾತು! ನಮ್ಮ ಕಡೆ ಬೀಗರನ್ನು ಊಟ ಹಾಕದೆ ಕಳಿಸಿದರೆ ಏಳು ಊರಿಗೆ ಸುದ್ದಿಯಾಗುತ್ತದೆ. ವಿಧಿಯಿಲ್ಲದೆ ಅಡುಗೆಗೆ ಒಲೆ ಹಚ್ಚಿದೆ. ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು. ಬಡಿಸಿ ನಿಂತರೆ ಕೈ ಕಟ್ಟಿ ಕೂತರು.

"ಒಬ್ಬನೇ ಉಣ್ಣೋಕೆ ನಾನೇನು ಕೂಲಿಗೆ ಬಂದಿದೀನಾ? ನೀವೂ ತಟ್ಟೆ ಹಾಕ್ಕೊಳ್ಳಿ."

ಊಟವಾಯಿತು, ಬೋಲ್ಟು ಮಾತ್ರ ಬರಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದೆಯಂತೆ. ಸುತ್ತಿಗೆಯಿಂದ ಹೊಡೆದರೆ ತಲೆ ಚಪ್ಪಟೆಯಾಗುತ್ತದಂತೆ. ದಿನವೂ ಎಣ್ಣೆ ಬಿಟ್ಟು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕಂತೆ. ಸರಿ, ದಿನವೂ ಬಂದರು. ಹಿಂದಿನ ಚಕ್ರ ಬಿಚ್ಚಿಟ್ಟ ಬೈಕಿನ ಮುಂದೆ ಕೂತು ಎಣ್ಣೆ ಬಿಡುವುದು, 'ಟಕ್' ಎಂದು ತಟ್ಟುವುದು, ಕಿವಿಯಿಟ್ಟು ಕೇಳುವುದು. "ಊಹೂಂ, ಇವತ್ತು ಒಪ್ತಿಲ್ಲ. ನಾಳೆ ಶಾವಿಗೆ ಪಾಯಸ ಮಾಡಿದ್ರೆ ಒಪ್ಪಬಹುದೇನೋ!"

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೇಳಿದಳು: "ಅಲ್ರೀ ಅಕ್ಕಾರ, ನಿಮ್ಮ ಬೀಗರು ರಿಪೇರಿ ಮಾಡಾಕತ್ತಾರೋ, ತಪಸ್ಸು ಕುಂತಾರೋ?"

ಒಂದು ಮಧ್ಯಾಹ್ನ ಅವರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ನನಗೆ ಆ ಬೋಲ್ಟಿನ ಮೇಲೆ ವಿಪರೀತ ಸಿಟ್ಟು ಬಂತು. ಯಾರದೋ ಮನೆಯ ವಯಸ್ಸಾದ ಜೀವವನ್ನು ಹೀಗೆ ಬಸ್ಸಿನಲ್ಲಿ ಓಡಾಡಿಸುತ್ತಿದೆ, ಸ್ಟುಪಿಡ್ ಥಿಂಗ್! ಬಗ್ಗಿ ಒಂದು ಬೆರಳಲ್ಲಿ ತಿವಿದೆ.

ಬೋಲ್ಟು ಬೆಣ್ಣೆಯಲ್ಲಿ ಜಾರಿದ ಹಾಗೆ ಆ ಕಡೆ ಹೊರಗೆ ಬಂತು. ಒಂದು ಚೂರು ತುಕ್ಕಿಲ್ಲ. ತಿಕ್ಕಿ ಹೊಳಪಿಟ್ಟು ಗ್ರೀಸ್ ಸವರಿತ್ತು. ಅದು ಯಾವತ್ತೋ ಬಿಟ್ಟುಕೊಂಡಿತ್ತು. ತಪಸ್ಸು ನಡೆದದ್ದು ಬೋಲ್ಟಿಗಲ್ಲ, ನನ್ನ ತಟ್ಟೆಗೆ!

ಚಪ್ಪಲಿ ಸದ್ದಾಯಿತು. ತಟಕ್ಕನೆ ಬೋಲ್ಟನ್ನು ಒಳಕ್ಕೆ ತಳ್ಳಿ ಎದ್ದು ನಿಂತೆ.

"ಇನ್ನೂ ಮೂರ್ನಾಲ್ಕು ದಿನ ಹಿಡೀಬಹುದು ಬೀಗ್ತಿಯವರೇ," ಎಂದರು, ಮುಖ ಒರೆಸಿಕೊಳ್ಳುತ್ತ.

"ಹಿಡೀಲಿ ಬಿಡಿ ಬೀಗರೇ. ನಾಳೆಗೆ ಹೋಳಿಗೆ ಮಾಡ್ತೀನಿ," ಎಂದೆ.

ಅವರು ಬರುವುದಿಲ್ಲ ಎಂದಿದ್ದ ಒಂದು ದಿನ ನಾನು ಅನ್ನ, ಬಿಸಿ ಸಾರು, ಹೀರೇಕಾಯಿ ಪಲ್ಯ ಮಾಡಿಕೊಂಡು ಊಟಕ್ಕೆ ಕೂತಿದ್ದೆ. ಬಾಗಿಲಲ್ಲಿ ನೆರಳು. ಬೀಗರು! ನನ್ನ ತಟ್ಟೆ ನೋಡಿದರು, ಸಾರಿನ ಪಾತ್ರೆ ನೋಡಿದರು, ನೇರ ಬೈಕಿನ ಹತ್ತಿರ ಹೋದರು. ನಾನು ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಹೊರಗಿಂದ ಕೂಗು: "ಬಂತು ಬೀಗ್ತಿಯವರೇ! ಬೋಲ್ಟು ಬಂತು!"

"ಅಯ್ಯೋ, ಹೌದಾ!" ಎಂದು ನಾನೂ ಕೂಗಿದೆ. ಸ್ಕೂಲ್ ಡ್ರಾಮಾದಲ್ಲಿ ನನಗೆ ಪ್ರೈಜ್ ಬಂದಿತ್ತು, ಗೊತ್ತಾ?

ಹೊಸ ಬೇರಿಂಗ್‌ಗಳು ಒಂದು ರಾತ್ರಿ ನನ್ನ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮಲಗಿದವು. ತಣ್ಣಗಾದರೆ ಕುಗ್ಗುತ್ತವಂತೆ. ಬೆಳಗ್ಗೆ ಆರ್ಮಿನ ಮೇಲೆ ಸ್ನಾನದ ಹಂಡೆಯ ಬಿಸಿನೀರು ಸುರಿದೆವು. ಅದು ಹಿಗ್ಗುತ್ತದಂತೆ. ಬೇರಿಂಗು ಒಳಗೆ ಹೋಗಿ ಕೂತದ್ದೇ ತಿಳಿಯಲಿಲ್ಲ. ಎಲ್ಲ ಜೋಡಿಸಿ ಬೀಗರು ಒಂದು ರೌಂಡ್ ಹೊರಟರು.

ನಾನು ಕಾದೆ. ಹಂಪ್ ಹತ್ತಿದ್ದು ಕೇಳಲಿಲ್ಲ, ಇಳಿದದ್ದೂ ಕೇಳಲಿಲ್ಲ. ಬೈಕು ಗೇಟಿಗೆ ಬಂದು ನಿಂತಿತ್ತು. ಎಲ್ಲ ಸರಿಹೋಗಿತ್ತು, ನಾನು ಮಾತ್ರ ಇನ್ನೂ ತಿರುವಿನ ಕಡೆಗೇ ಕಿವಿಗೊಟ್ಟು ನಿಂತಿದ್ದೆ. ಬೀಗರು ನನ್ನ ಮುಖ ನೋಡಿದರು. ಬೀದಿಯ ಆ ಕಡೆ, ಈ ಕಡೆ ನೋಡಿದರು. ಆಮೇಲೆ, ವಿಭೂತಿ ಹಚ್ಚಿದ ಆ ದೊಡ್ಡ ಮನುಷ್ಯ, ಬಾಯಿಂದಲೇ:

"ಕುಂಯ್ಕ್... ಕಟಕ್!"

ನಾನು ಒಳಗೆ ಹೋಗಿ ಹಾಲು ಇಟ್ಟೆ.

ಗಾಡಿ ಅವರ ಜೊತೆಗೇ ಕಳಿಸಿದೆ. ಆಯುಧಪೂಜೆಗೆ ಕುಂಕುಮಕ್ಕಿಂತ ಮೊದಲು ಅದಕ್ಕೆ ಗ್ರೀಸ್ ಆಗಬೇಕು. ಬಂದಾಗಲೆಲ್ಲ ಗೇಟಿನಲ್ಲಿ ಬಾಯಿಯ ಸದ್ದೂ ಆಗಬೇಕು. ಬೋಲ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಥ್ಯಾಂಕ್ಸ್ ಎಂದು ಹೇಳಲು ನಮ್ಮಿಬ್ಬರಿಗೂ ಅಡುಗೆ ಬಿಟ್ಟು ಬೇರೆ ಭಾಷೆ ಇರಲಿಲ್ಲ.

ಕಳೆದ ವರ್ಷ ಮಗಳು ಫೋನಿನಲ್ಲಿ ಅತ್ತಳು. "ಮಾವ ಹಾಸಿಗೆ ಹಿಡಿದಿದ್ದಾರೆ. ಯಾರು ಹೇಳಿದ್ರೂ ತುತ್ತು ಮುಟ್ತಿಲ್ಲ." ಸೊರಬಕ್ಕೆ ಓಡಿದೆ. ಕೋಣೆ ತುಂಬ ನೆಂಟರು. ಬೀಗರು ಕಣ್ಣು ಮುಚ್ಚಿ ಮಲಗಿದ್ದರು. ನಾನು ಬಾಗಿಲಲ್ಲಿ ನಿಂತು, ಅಷ್ಟೂ ಜನರೆದುರು, "ಕುಂಯ್ಕ್... ಕಟಕ್!" ಎಂದೆ. ಸಿಸ್ಟರ್‌ಗಳು ಕ್ಷಮಿಸಲಿ.

ಕಣ್ಣು ತೆರೆದರು. "ಬೀಗ್ತಿಗೆ... ಊಟ ಹಾಕ್ರೋ."

"ಒಬ್ಬಳೇ ಉಣ್ಣೋಕೆ ನಾನೇನು ಕೂಲಿಗೆ ಬಂದಿದೀನಾ ಬೀಗರೇ?"

ನಕ್ಕರು. ನನ್ನ ಕೈಯಿಂದ ಗಂಜಿ ಕುಡಿದರು, ಬಟ್ಟಲು ಮುಗಿಯುವವರೆಗೂ. ನಾನು ಹೊರಡಲು ಎದ್ದಾಗ ಅವರು ಮಂಚದ ಪಟ್ಟಿ ಹಿಡಿದು ಅಲ್ಲಾಡಿಸಲು ನೋಡಿದರು.

"ಪ್ಲೇ ಇದೆ ಬೀಗ್ತಿಯವರೇ. ನಾಳೆ ಬಂದು ನೋಡಬೇಕಾಗುತ್ತೆ."

ನಾನೂ ಮುಟ್ಟಿ ನೋಡಿದೆ. ಮಂಚ ಬಂಡೆಯ ಹಾಗೆ ಗಟ್ಟಿಯಾಗಿತ್ತು.

"ಹೌದು ಬೀಗರೇ, ತುಂಬಾ ಇದೆ. ನಾಳೆ ಎಣ್ಣೆ ತರ್ತೀನಿ," ಎಂದೆ.

ಅವರನ್ನು ಕಂಡದ್ದು ಅದೇ ಕೊನೆ. ಮಾರನೇ ಬೆಳಗ್ಗೆ ಫೋನ್ ಬಂದಾಗ ನಾನು ಎಣ್ಣೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದೆ.