ಪ್ಲಾನು ಕೆಡುವ ಲಕ್ಷಣವೂ ನಮ್ಮ ಅತ್ತಿಗೆಯೂ

ನಮ್ಮ ಅತ್ತಿಗೆಯನ್ನು ಶುಭಕಾರ್ಯಕ್ಕೆ ಕರೆಯಬಾರದು ಎಂದು ನಮ್ಮ ನೆಂಟರಿಷ್ಟರಲ್ಲಿ ಒಂದು ಒಳ ಒಪ್ಪಂದವಿದೆ. ಹಾಗಾದರೆ ಅವರ ಬಾಯಿ ಕೆಟ್ಟದ್ದೇ? ಛೆ ಛೆ! ಕಾಲ್ಗುಣ ಸರಿಯಿಲ್ಲವೇ? ಅದೂ ಅಲ್ಲ. ಅವರು ಹೇಳಿದ್ದು ಆಗಿಬಿಡುತ್ತದೆ, ಅಷ್ಟೇ ತೊಂದರೆ!

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ತರೀಕೆರೆಯ ಮನೆಯಲ್ಲೇ ಕೂತು ಅತ್ತಿಗೆ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತಾರೆ. ಯಾರೋ ಹುಮ್ಮಸ್ಸಿನಿಂದ ಪ್ಲಾನು ಬರೆದು ಕಳಿಸುತ್ತಾರೆ. ಅದು ಎಲ್ಲೆಲ್ಲಿ ಕೆಡುತ್ತದೆ ಎಂದು ಹುಡುಕಿ ಹೇಳುವುದು ಇವರ ಕೆಲಸ. ಅದಕ್ಕೆ ಸಂಬಳ ಬೇರೆ! ಇದೇ ಕೆಲಸವನ್ನು ನಮ್ಮ ಕಡೆ ಅರಳಿಕಟ್ಟೆಯ ಮೇಲೆ ಎಷ್ಟು ಜನ ಬಿಟ್ಟಿಯಾಗಿ ಮಾಡುತ್ತಿಲ್ಲ, ನೀವೇ ಹೇಳಿ?

ಆಫೀಸಿನ ಬುದ್ಧಿಯನ್ನು ಆಫೀಸಿಗೇ ಬಿಟ್ಟಿದ್ದರೆ ಯಾರಿಗೂ ತಕರಾರಿರಲಿಲ್ಲ. ಅಜ್ಜಂಪುರದಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ. ಹಿಂದಿನ ದಿನ ಅತ್ತಿಗೆ ಸೀದಾ ಅಡುಗೆಮನೆಗೆ ನುಗ್ಗಿದರು.

"ಯಾವ ಅಡುಗೆ ಎಷ್ಟೊತ್ತಿಗೆ, ಯಾವುದಕ್ಕೆ ಏನೆಷ್ಟು, ಎಲ್ಲಿ ಬರ್ದಿಟ್ಟಿದೀರಿ?"

ಅಡುಗೆಯವರು ಹೆಮ್ಮೆಯಿಂದ ಹಣೆ ತಟ್ಟಿಕೊಂಡರು. "ಎಲ್ಲಾ ಇಲ್ಲೈತೆ ಕಣವ್ವಾ."

"ಹಂಗಾದ್ರೆ ನಾಳೆ ಬೆಳಿಗ್ಗೆ ನಿಮಗೆ ಜ್ವರ ಬಂದ್ರೆ?"

ಅಡುಗೆಯವರ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ದೊಡ್ಡಮ್ಮ ಎಲ್ಲಿದ್ದರೋ, ಓಡಿ ಬಂದು, "ಬಿಡ್ತು ಅನ್ನೇ! ಮೊದ್ಲು ಬಿಡ್ತು ಅನ್ನು!" ಎಂದು ಅತ್ತಿಗೆಯ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡಿದರೆ ಮುಗಿಯಿತು, ಮೇಲೆ ಓಡಾಡುವ ಅಸ್ತು ದೇವತೆಗಳು 'ಅಸ್ತು' ಎಂದುಬಿಡುತ್ತಾರೆ. ಮಾರನೆಯ ದಿನ ಅಡುಗೆಯವರಿಗೆ ಜ್ವರವೇನೂ ಬರಲಿಲ್ಲ. ಹೊಟ್ಟೆ ಕೆಟ್ಟಿತು! ಅವತ್ತು ಯಾರ್ಯಾರೋ ಕೈಹಾಕಿ ಕುದಿಸಿದ ಸಾರಿನ ಮಾತನ್ನು ಬೀಗರು ಇವತ್ತಿಗೂ ಎತ್ತುತ್ತಾರೆ. ತಪ್ಪು ಯಾರದು? ಇನ್ಯಾರದು, ಅತ್ತಿಗೆಯದೇ!

ಅಮೃತಾಪುರದಲ್ಲಿ ಅವರ ತಂಗಿ ಮನೆ ಕಟ್ಟಿಸುತ್ತಿದ್ದಾಗಲೂ ಹೀಗೇ ಆಯಿತು. ಕೇಳಿದಾಗಲೆಲ್ಲ ಮೇಸ್ತ್ರಿ "ಇನ್ನೊಂದ್ ಸ್ವಲ್ಪ ಐತೆ, ಮುಗ್ದೋಯ್ತು" ಎನ್ನುತ್ತಿದ್ದ. ಅತ್ತಿಗೆ ತಂಗಿಗೆ ಹೇಳಿದರು: "ತಿಂಗಳುಗಟ್ಟಲೆ ಒಂದೇ 'ಸ್ವಲ್ಪ' ಉಳಿದಿದೆ ಅಂದ್ರೆ ಅರ್ಧ ಕೆಲಸ ಉಳಿದಿದೆ ಅಂತ ಕಣೇ. ಗೃಹಪ್ರವೇಶ ಮುಂದಕ್ಕೆ ಹಾಕು." ಯಾರು ಕೇಳುತ್ತಾರೆ? ಗೃಹಪ್ರವೇಶವೇನೋ ಆಯಿತು, ಬಚ್ಚಲಿಗೆ ಬಾಗಿಲಿರಲಿಲ್ಲ. ಬಂದ ನೆಂಟರೆಲ್ಲ ಒಳಗಿನಿಂದ ಜೋರಾಗಿ ದೇವರನಾಮ ಹಾಡುತ್ತ ಸ್ನಾನ ಮಾಡಿದರು. ಅಷ್ಟು ಭಕ್ತಿಯ ಗೃಹಪ್ರವೇಶವನ್ನು ನಾನು ಇನ್ನೆಲ್ಲೂ ನೋಡಿಲ್ಲ!

ಇಷ್ಟು ಹೊತ್ತು ನಕ್ಕಿದ್ದಾಯಿತು. ಇನ್ನು ನನ್ನ ಕಥೆ.

ಕಡೂರಿನಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿಯಿದೆ. ಕೊಬ್ಬರಿ ವರ್ತಕರ ಸಂಘದವರು ತಮ್ಮ ಹರಾಜಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಡು ಎಂದರು. ವರ್ತಕರು ಚೀಟಿಯಲ್ಲಿ ದರ ಬರೆದು ಡಬ್ಬಕ್ಕೆ ಹಾಕುವ ಬದಲು ಮೊಬೈಲಿನಲ್ಲೇ ಒತ್ತಬೇಕು, ಇಷ್ಟೇ. ಪ್ರಿಂಟರ್ ರಿಪೇರಿ ಮಾಡಿಕೊಂಡಿದ್ದ ನನಗೆ ಇದಕ್ಕಿಂತ ಭಾಗ್ಯ ಬೇಕೇ? ಗೆದ್ದರೆ ಸುತ್ತಲಿನ ಮಂಡಿಗಳೆಲ್ಲ ನನ್ನನ್ನೇ ಕರೆಯುತ್ತವೆ. ಸೋತರೆ ಆ ಊರಿನಲ್ಲಿ ಒಂದು ಮೌಸ್ ರಿಪೇರಿಗೂ ಯಾರೂ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಸಂಘದ ಅಧ್ಯಕ್ಷರು ಮೊದಲು ಪಂಚಾಂಗ ನೋಡಿ ಉದ್ಘಾಟನೆಯ ದಿನ ಇಟ್ಟರು. ಆಮೇಲೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದರು. ಅದಾದ ಮೇಲೆ ನನಗೆ ಕೆಲಸ ಹೇಳಿದರು! ನಾನು ಧೈರ್ಯಕ್ಕೆಂದು ಅತ್ತಿಗೆಯನ್ನು ಸಭೆಗೆ ಕರೆದುಕೊಂಡು ಹೋದೆ. ಧೈರ್ಯಕ್ಕೆ!

"ಕೆಲಸ ಎಷ್ಟಿದೆ ಅಂತ ಗೊತ್ತಾಗೋಕ್ ಮುಂಚೆ ದಿನ ಇಟ್ರೆ ಹೆಂಗೆ ಯಜಮಾನ್ರೇ?" ಎಂದರು ಅತ್ತಿಗೆ.

"ಮದುವೆಗೂ ಹಂಗೇ ಅಲ್ವೇನವ್ವಾ ಇಡೋದು?"

"ಮದುವೇಲಿ ಗಂಡು ಹೆಣ್ಣು ಇಬ್ರೂ ಬೆಳೆದು ನಿಂತಿರ್ತಾರೆ. ಇಲ್ಲಿ ಗಂಡು ಇನ್ನೂ ಹುಟ್ಟೇ ಇಲ್ವಲ್ರೀ!"

ಎಲ್ಲರೂ ನಕ್ಕರು. ಅತ್ತಿಗೆ ಬಿಡಲಿಲ್ಲ. "ಹರಾಜಿನ ಗಂಟೆ ಹೊಡೆಯೋ ಹೊತ್ತಿಗೆ ಎಲ್ಲಾ ವರ್ತಕರೂ ಒಟ್ಟಿಗೇ ಒತ್ತಿದ್ರೆ? ನಿಂತೋದ್ರೆ? ಸ್ವಲ್ಪ ದಿನ ಚೀಟಿ, ಡಬ್ಬ ಎರಡೂ ಪಕ್ಕದಲ್ಲೇ ಇರ್ಲಿ."

"ಬಿಡ್ತು ಅನ್ನಿ ತಾಯಿ!" ಎಂದು ಅಧ್ಯಕ್ಷರು ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಕಾರ್ಯದರ್ಶಿ ಸಾಬರು "ತೌಬಾ, ತೌಬಾ" ಎಂದು ಕೆನ್ನೆ ಮುಟ್ಟಿಕೊಂಡರು. ಆ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ಮಂಡಿಯವರು ಕಂಡದ್ದು ಅದೇ ಮೊದಲಂತೆ!

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಒಂದ್ಸಲನಾದ್ರೂ ಒಳ್ಳೇದಾಗ್ಲಿ ಅನ್ನಬಾರ್ದಾ?"

"ಒಳ್ಳೇದಾಗ್ಲಿ ಅಂತಲೇ ಕೇಳ್ತಿರೋದು ಕಣೋ" ಎಂದು ಅವರು ತರೀಕೆರೆ ಬಸ್ಸು ಹತ್ತಿದರು.

ಉದ್ಘಾಟನೆ ಬಂತು. ಕಂಪ್ಯೂಟರಿಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಅಧ್ಯಕ್ಷರು ತೆಂಗಿನಕಾಯಿ ನೀವಾಳಿಸಿ ಒಡೆದ ರಭಸಕ್ಕೆ ಕೀಬೋರ್ಡಿಗೂ ತೀರ್ಥಪ್ರೋಕ್ಷಣೆಯಾಯಿತು. ಯಗಟಿ ಕಡೆಯ ರೈತರು ಕೊಬ್ಬರಿ ಚೀಲಗಳ ಮೇಲೆ ಕೂತು ಕಾಯುತ್ತಿದ್ದರು. ಗಂಟೆ ಹೊಡೆಯಿತು. ವರ್ತಕರೆಲ್ಲ ಒಟ್ಟಿಗೇ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತುತ್ತಲೇ ಇತ್ತು. ನಾನು ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಅದೇ ಚಕ್ರ.

"ಏನಪ್ಪಾ ಇದು?" ಎಂದರು ಅಧ್ಯಕ್ಷರು. "ಪ್ರಿಂಟರ್ ರಿಪೇರಿ ಮಾಡೋನ ಕೈಗೆ ಮಂಡಿ ಕೊಟ್ರೆ ಇನ್ನೇನಾಗುತ್ತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಂಗಡಿಯ ಬಾಗಿಲು ಮುಚ್ಚಿದಂತೆಯೇ ಎನಿಸಿತು.

ಉದ್ಘಾಟನೆಗೆಂದು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ ಅತ್ತಿಗೆ ಎದ್ದು ನಿಂತರು. ಮುಗಿಯಿತಲ್ಲ ಎಂದುಕೊಂಡೆ. ಅಷ್ಟೂ ಮುಂಚೆಯೇ ಹೇಳಿದ್ದವರು, ಈಗ ಹೇಳದೆ ಬಿಡುತ್ತಾರೆಯೇ?

"ತಪ್ಪು ನಂದು ಯಜಮಾನ್ರೇ" ಎಂದರು ಅತ್ತಿಗೆ. "ನಮ್ಮ ಹುಡುಗ ಸರಿಯಾಗೇ ಮಾಡಿದ್ದ. ಪ್ಲಾನು ನೋಡಿ ಆಗುತ್ತೆ ಅಂದೋಳು ನಾನು. ಬೈಯೋದಿದ್ರೆ ನನ್ನ ಬೈಯ್ರಿ. ಇವತ್ತು ಚೀಟೀಲೇ ನಡೀಲಿ, ಅವನಿಗೆ ಸ್ವಲ್ಪ ಟೈಮ್ ಕೊಡಿ."

"ಹೆಂಗಸ್ರ ಮಾತು ಕೇಳಿದ್ರೆ ಇಷ್ಟೇ" ಎಂದು ಯಾರೋ ಗೊಣಗಿದರು. ಅತ್ತಿಗೆಗೂ ಅದು ಕೇಳಿಸಿತು. ಅಧ್ಯಕ್ಷರಿಗೆ ನಿಜ ಗೊತ್ತಿತ್ತಲ್ಲ! ಅವರು ಅತ್ತಿಗೆಯ ಮುಖವನ್ನೇ ನೋಡಿದರು. ಸಾಬರನ್ನು ನೋಡಿದರು. ಸಾಬರು ತಲೆ ತಗ್ಗಿಸಿದರು.

"ಆಯ್ತು ತಾಯಿ. ಟೈಮ್ ತಗೊಳ್ಳಿ. ಚೀಟಿ ತನ್ರಪ್ಪಾ" ಎಂದರು ಅಧ್ಯಕ್ಷರು, ಮೆಲ್ಲಗೆ.

ಅತ್ತಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, "ಬೆಳಿಗ್ಗೆ ಏನಾದ್ರೂ ತಿಂದ್ಯೇನೋ?" ಎಂದು ಕೇಳಿದರು. ನನಗೆ ಅಳು ಒತ್ತರಿಸಿ ಬಂತು. ನಮ್ಮಮ್ಮ ತೀರಿಕೊಂಡ ಮೇಲೆ ಹಾಗೆ ಕೇಳುವವರು ಇವರೊಬ್ಬರೇ. ಅಷ್ಟು ಜನರ ಎದುರಿಗೆ, ನಾಚಿಕೆಯಿಲ್ಲದೆ, ಅವರ ಕೈ ಹಿಡಿದುಕೊಂಡೆ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವರಿಗೆ. ಇನ್ನೊಂದು ಕೈಯಿಂದ ಕೆನ್ನೆ ತಟ್ಟಿಕೊಂಡು, ಮೆಲ್ಲಗೆ "ಬಿಡ್ತು" ಎಂದರು.