ಟ್ರೆಡ್‌ಮಿಲ್ ಮೇಲಿನ ಸಂಡಿಗೆ

ಈ ಕಥೆಯಲ್ಲಿ ಮೂರ್ಖ ಯಾರೆಂದು ನೀವು ಹುಡುಕುವ ಕಷ್ಟ ಬೇಡ, ಅದು ನಾನೇ. ಕಂಡವರ ಸ್ವರವನ್ನೆಲ್ಲ ಅನುಕರಿಸಬಲ್ಲೆ ಎಂಬ ಅಹಂಕಾರದಲ್ಲಿ ನಾನು ಒಂದು ಫೋನ್ ಮಾಡಿದೆ. ಆದರೆ ಫೋನಿನ ವಿಷಯಕ್ಕೆ ಬರುವ ಮೊದಲು ಅದನ್ನು ಆ ಕಡೆ ಎತ್ತಿದವರ ವಿಷಯ ಹೇಳಬೇಕು.

ದುಬೈಗೆ ಜನ ಚಿನ್ನ ನೋಡಿ ಬರುತ್ತಾರೆ. ನನ್ನ ಸೋದರಮಾವನ ಹೆಂಡತಿ, ಅಂದರೆ ನನ್ನ ಮಾಮಿ, ಇಲ್ಲಿನ ಕಸದ ತೊಟ್ಟಿಗಳನ್ನು ನೋಡಿ ಬಂದವರು ಎಂದು ನನ್ನ ಬಲವಾದ ಗುಮಾನಿ. ಅವರದ್ದೇನು ತಪ್ಪು? ಈ ಊರಿನಲ್ಲಿ ಯಾರೂ ಕಾಯಂ ಅಲ್ಲ. ವೀಸಾ ಕ್ಯಾನ್ಸಲ್ ಆದವರು, ಇದಕ್ಕಿಂತ ದೊಡ್ಡ ವಿಲ್ಲಾಕ್ಕೆ ಹಾರುವವರು, ಎಲ್ಲ ಮುಗಿಸಿ ಊರಿಗೆ ಹೊರಟವರು, ಒಯ್ಯಲಾಗದ್ದನ್ನೆಲ್ಲ ರಸ್ತೆ ಬದಿಯ ತೊಟ್ಟಿಯ ಪಕ್ಕ ಇಟ್ಟು ವಿಮಾನ ಹತ್ತುತ್ತಾರೆ. ನಾವಿರುವ ಮಿರ್ದಿಫ್‌ ಬಡಾವಣೆಯ ವಿಲ್ಲಾಗಳ ನಡುವೆ ಮಾಮಿಗೆ ಗೊತ್ತಿಲ್ಲದ ತೊಟ್ಟಿ ಇಲ್ಲ. ನಾನು ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಬಂದ ಹೊಸದರಲ್ಲಿ ಬಸ್ ಸ್ಟಾಪಿನ ದಾರಿ ಕೇಳಿದ್ದಕ್ಕೆ ಅವರು ಹೇಳಿದ್ದು ಹೀಗೆ: "ಕಬ್ಬಿಣದ ಮಂಚ ಸಿಕ್ಕಿದ ಗಲ್ಲಿ ದಾಟು. ಮತ್ತೆ ಒಳ್ಳೆ ಫ್ರಿಜ್ ಒಂದನ್ನು ಬಿಟ್ಟು ಬಂದೆವಲ್ಲ, ಅಲ್ಲಿ ಬಲಕ್ಕೆ." ಬಿಟ್ಟು ಬಂದ ಆ ಫ್ರಿಜ್‌ನ ಹೆಸರೆತ್ತುವಾಗಲೆಲ್ಲ ಅವರು ಮಾಮನನ್ನೇ ನೋಡುತ್ತಾರೆ. ಮಾಮ ಪೇಪರ್ ಓದುತ್ತಾರೆ.

ಮಾಮನ ಕಷ್ಟವನ್ನು ನಾನು ಕಣ್ಣಾರೆ ಕಂಡದ್ದು ಒಂದು ಶುಕ್ರವಾರ, ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿ ಬರುವಾಗ. ಹಿಂದಿನ ಸೀಟಿನಿಂದ ಮಾಮಿ, "ನಿಲ್ಸಿ" ಎಂದರು. ತೊಟ್ಟಿಯ ಪಕ್ಕ ಒಂದು ಬರೆಯುವ ಮೇಜು ನಿಂತಿತ್ತು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಮಿ ಇಳಿದರು. ಮಾಮ ಸ್ಟಿಯರಿಂಗಿನ ಕೆಳಗೆ ಜಾರಿ, ಬಾರದ ಫೋನನ್ನು ಕಿವಿಗಿಟ್ಟು "ಹಾಂ ಸರ್, ಹಾಂ ಸರ್" ಎನ್ನತೊಡಗಿದರು. ನಾನು? ನಾನೂ ಇಳಿಯಲಿಲ್ಲ. ಮಾನ ಎಲ್ಲರಿಗೂ ಒಂದೇ ಅಲ್ಲವೆ?

ಅಷ್ಟರಲ್ಲಿ ಎದುರು ವಿಲ್ಲಾದ ಬಾಗಿಲು ತೆರೆದು ಬಿಳಿಯ ಹೆಂಗಸೊಬ್ಬರು ಹೊರಗೆ ಬಂದರು. ಮೇಜು ಅವರದ್ದೇ. ಇನ್ನು ಮುಗಿಯಿತು ಎಂದು ನಾವಿಬ್ಬರೂ ಉಸಿರು ಹಿಡಿದೆವು. ಮಾಮಿ ತಮ್ಮ ಇಂಗ್ಲಿಷಿನಲ್ಲಿ ನೇರ ಕೇಳಿದರು: "ಯೂ ಥ್ರೋಯಿಂಗ್ ಆರ್ ಕೀಪಿಂಗ್?"

"ಥ್ರೋಯಿಂಗ್" ಎಂದರು ಆಕೆ, ಸ್ವಲ್ಪ ಗಾಬರಿಯಾಗಿ.

"ದೆನ್ ಹೋಲ್ಡ್ ದಟ್ ಸೈಡ್."

ಆಕೆ ಹಿಡಿದರು! ಮೇಜು ಕಾರಿನ ತಲೆಯ ಮೇಲೆ ಕೂತಿತು, ಕೈ ಬೀಸಿ ಬೀಳ್ಕೊಟ್ಟದ್ದೂ ಆಕೆಯೇ. "ಇದು ಯಾರಿಗೆ ಮಾಮಿ?" ಎಂದು ದಾರಿಯಲ್ಲಿ ಕೇಳಿದೆ. "ಇರ್ಲಿ. ಬೇಕಾಗ್ತದೆ" ಎಂದರು.

ಬೇಕಾಗ್ತದೆ! ಹಿತ್ತಿಲ ಅಂಗಳದಲ್ಲಿರುವುದೆಲ್ಲ ಈ ಒಂದು ಮಾತಿನ ಮೇಲೆ ಬಂದದ್ದೇ. ಯಾವುದೋ ಮಗುವಿನ ತೊಟ್ಟಿಲಿನ ಕಟಕಟೆಗೆ ಬಸಳೆ ಹಬ್ಬಿತ್ತು. ಸ್ನಾನದ ಟಬ್ಬಿನಲ್ಲಿ ಕೆಸುವಿತ್ತು. ಯಾರೋ ದಢೂತಿ ಮನುಷ್ಯ ಎರಡು ದಿನ ಓಡಿ ಬಿಟ್ಟ ಟ್ರೆಡ್‌ಮಿಲ್ ಮೇಲೆ ಮಾಮಿ ಸಂಡಿಗೆ ಒಣಗಿಸುತ್ತಿದ್ದರು. ದುಬೈಯ ಬಿಸಿಲಿಗೆ ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನಕ್ಕೆ ಗರಿಗರಿ. ಇಡೀ ಮಿರ್ದಿಫ್‌ನಲ್ಲಿ ಟ್ರೆಡ್‌ಮಿಲ್‌ನಿಂದ ನಿಜವಾಗಿ ನೀರಿಳಿಸಿಕೊಂಡದ್ದು ಆ ಸಂಡಿಗೆ ಮಾತ್ರ. ಪ್ರತಿ ಶುಕ್ರವಾರ ಬೆಳಿಗ್ಗೆ ಮಾಮಿ ಅಂಗಳ ಚೊಕ್ಕ ಮಾಡುತ್ತಿದ್ದರು, ಅಂದರೆ ಎಡಗೋಡೆಯ ಸಾಮಾನನ್ನು ಬಲಗೋಡೆಗೆ ಸರಿಸಿ, ನಡುವಿನ ಮರಳು ಗುಡಿಸಿ, ಮತ್ತೆ ಎಡಗೋಡೆಗೆ ಸರಿಸುವುದು. ಸರಿಸುವವನು ನಾನು. ಮೂಲೆಯಲ್ಲಿ ಚಾದರ ಹೊದಿಸಿಟ್ಟ ಸಾಮಾನನ್ನು ಮಾತ್ರ ಮಾಮಿ ನನಗೆ ಮುಟ್ಟಲು ಬಿಡುತ್ತಿರಲಿಲ್ಲ.

ಒಮ್ಮೆ ನೆರೆಯ ಗಲ್ಲಿಯ ಮಂಗಳೂರಿನವರೊಬ್ಬರು ಸಂಸಾರ ಸಮೇತ ಚಹಾಕ್ಕೆ ಬಂದಿದ್ದರು. ಅವರ ಸಣ್ಣ ಮಗಳು ಅಂಗಳದಲ್ಲಿ ನಿಂತು, "ಮಮ್ಮಾ, ದಟ್ಸ್ ಮೈ ಚೇರ್. ಮೈ ಸ್ಟಿಕ್ಕರ್ ಈಸ್ ಆನ್ ಇಟ್" ಎಂದಿತು. ಎಲ್ಲರ ಕೈಯ ಚಹಾ ಅಲ್ಲೇ ನಿಂತಿತು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ. ಆ ಅಮ್ಮ ನಗುತ್ತಾ, "ಈಗ ಗಟ್ಟಿಯಾಗಿ ಉಂಟಲ್ಲ. ನಾವೇ ವಾಪಸ್ ಕೊಂಡು ಹೋಗ್ಲಾ?" ಎಂದರು.

"ಖಲಾಸ್" ಎಂದರು ಮಾಮಿ, ಬಿಸ್ಕತ್ತಿನ ತಟ್ಟೆ ಮುಂದೆ ಸರಿಸುತ್ತಾ. "ಅದಕ್ಕೆ ಈಗ ನನ್ನ ಸ್ಕ್ರೂ ಬಿದ್ದಿದೆ."

ಇಂಥ ಅಂಗಳಕ್ಕೆ ನನ್ನ ಕಾಲೇಜಿನ ಗೆಳೆಯ ಬರುವವನಿದ್ದ. ಅವನು ಅಬುಧಾಬಿಯಲ್ಲಿ ಕೆಲಸ ಹಿಡಿದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ ಮಾಡಿ, ಸ್ವಂತ ಕಾರು ಇಟ್ಟವನು. ತನ್ನ ಕಂಪನಿಯಲ್ಲಿ ನನ್ನ ಮಾತೆತ್ತುವುದಾಗಿ ಹೇಳಿದ್ದ. ನನ್ನ ವೀಸಾ ಮುಗಿಯಲು ಮೂರು ವಾರವಿತ್ತು, ಕೆಲಸ ಸಿಗದಿದ್ದರೆ ಪೆಟ್ಟಿಗೆ ಕಟ್ಟಬೇಕಿತ್ತು. ಶುಕ್ರವಾರದ ಊಟಕ್ಕೆ ಬಂದವನು ಈ ಗುಜರಿ ನೋಡಿ ಏನೆಂದುಕೊಂಡಾನು? ಮಾಮಿಗೆ ನೇರ ಹೇಳುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಗಂಟಲು ಮಾತ್ರ.

ನಮ್ಮ ವಿಲ್ಲಾದ ಕಾವಲುಗಾರ, ಇಲ್ಲಿನವರ ಮಾತಿನಲ್ಲಿ ನಾಥೂರ್, ಕೇರಳದವ. ಮೂಗಿನಲ್ಲಿ ಹಿಂದಿ ಮಾತಾಡುತ್ತಾನೆ, ವಾಕ್ಯಕ್ಕೊಮ್ಮೆ ಕೆಮ್ಮುತ್ತಾನೆ. ಅವನ ಸ್ವರವನ್ನು ನಾನು ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ನನ್ನ ನಂಬರಿನಿಂದ ಮಾಡಿದರೆ ಸಿಕ್ಕಿಬೀಳುತ್ತೇನೆಂದು ಮೂಲೆಯ ಗ್ರೋಸರಿಗೆ ಹೋದೆ. ಹಾಲು, ಕೊತ್ತಂಬರಿ ಸೊಪ್ಪು ಏನು ಬೇಕಾದರೂ ಮಾಮಿ ಫೋನ್ ಮಾಡಿ ಅಲ್ಲಿಂದಲೇ ತರಿಸುವುದು. ಅಂಗಡಿ ನಡೆಸುವ ಕಾಕ ಬ್ಯಾರಿಗಳು, ನಮ್ಮ ಊರ ಕಡೆಯವರೇ. ಅಂಗಡಿಯ ಮೊಬೈಲ್ ಕೊಡುತ್ತಾ ಅವರು ಕೇಳಿದರು: "ಎಂತ ಮಾರಾಯ, ಯಾರಿಗೆ ಟೋಪಿ?"

"ಮಾಮಿಗೆ."

"ಹಾಗಾದ್ರೆ ನಾನು ಒಳಗೆ ಹೋಗ್ತೇನೆ. ನನಗೆ ಹೆಂಡ್ತಿ ಮಕ್ಕಳು ಉಂಟು."

ಮಾಮಿ ಫೋನ್ ಎತ್ತಿದರು. ನಾನು ಕೆಮ್ಮಿದೆ. ಮನೆಯ ಮಾಲೀಕ ಅರ್ಬಾಬ್ ಶುಕ್ರವಾರ ಅಂಗಳ ನೋಡಲು ಬರುತ್ತಾರೆ, ಅಲ್ಲಿ ಒಂದು ಮೊಳೆಯೂ ಇರಬಾರದು, ಎಲ್ಲ ಮಾಫಿ, ಅಂದರೆ ಇಲ್ಲಿನ ಅರಬಿಯಲ್ಲಿ ಖಾಲಿ, ಎಂದು ಮೂಗಿನಲ್ಲಿ ಆಜ್ಞೆ ಹೊರಡಿಸಿದೆ.

ಆ ಕಡೆಯಿಂದ ಮಾಮಿಯ ಹಿಂದಿ ಶುರುವಾಯಿತು. ಅದನ್ನು ಕನ್ನಡಕ್ಕೆ ತಂದರೆ ಹೀಗೆ: "ಬರ್ಲಿ. ಕದ್ದದ್ದು ಒಂದೂ ಇಲ್ಲ, ಎಲ್ಲ ಬಿಟ್ಟು ಹೋದದ್ದು. ಬೇಕಾದ್ರೆ ಟ್ರೆಡ್‌ಮಿಲ್ ತಗೊಂಡು ಹೋಗು, ಸಂಡಿಗೆಯೂ ಕೊಡ್ತೇನೆ. ಆದ್ರೆ ಚಾದರ ಹೊದಿಸಿದ ನಾಲ್ಕು ಸಾಮಾನು ಉಂಟಲ್ಲ, ಅದು ಮುಟ್ಟಲಿಕ್ಕಿಲ್ಲ."

"ಏನದು?" ಎಂದೆ. ಕೆಮ್ಮಲು ಮರೆತೆ.

ಅಲ್ಲಿಂದ ಅವರ ಹಿಂದಿ ಮುಗಿದು ಕನ್ನಡವೇ ಬರತೊಡಗಿತು. ಕೇರಳದ ನಾಥೂರನಿಗೆ ಕನ್ನಡ ಯಾಕೆ ಹೇಳುತ್ತಿದ್ದಾರೆ ಎಂದು ಈ ಜಾಣನಿಗೆ ಹೊಳೆಯಬೇಡವೆ?

"ಮೇಜು, ಕುರ್ಚಿ, ಮಂಚ, ಇಸ್ತ್ರಿ ಹಲಗೆ. ನಮ್ಮ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಬೆಳಿಗ್ಗೆ ಫೈಲ್ ಹಿಡ್ಕೊಂಡು ಹೋಗ್ತಾನೆ, ಸಂಜೆ ಬಂದು ಎಲ್ಲರ ಹಾಗೆ ಮಾತಾಡಿ ನಮ್ಮನ್ನು ನಗಿಸ್ತಾನೆ. ಕೆಲಸ ಆಗ್ಲಿಲ್ಲ ಅಂತ ನಾವು ಕೇಳಬಾರದಲ್ಲ, ಅದಕ್ಕೆ. ಆಗ್ತದೆ ಅವನಿಗೆ, ಇವತ್ತಲ್ಲ ನಾಳೆ. ಆಗ ಅವನು ಹೋಗುವ ರೂಮಿನಲ್ಲಿ ನಾಲ್ಕು ಗೋಡೆ ಬಿಟ್ರೆ ಎಂತ ಇರ್ತದೆ? ನಾವು ಬಂದ ಹೊಸದರಲ್ಲಿ ಸೂಟ್‌ಕೇಸ್ ಮೇಲೆ ಬಟ್ಟಲು ಇಟ್ಟು ಉಂಡವರು. ಅವನು ಹಾಗೆ ಉಣ್ಣುವುದು ನನಗೆ ಬೇಡ. ಅರ್ಬಾಬ್ ಕೇಳಿದ್ರೆ ನನ್ನ ಹತ್ತಿರ ಮಾತಾಡ್ಲಿಕ್ಕೆ ಹೇಳು."

"ಅಚ್ಛಾ" ಎಂದೆ. ಅದು ನಾಥೂರನ ಸ್ವರದಲ್ಲಿ ಬರಲಿಲ್ಲ. ಯಾರ ಸ್ವರದಲ್ಲಿ ಬಂತೋ ನನಗೂ ಗೊತ್ತಾಗಲಿಲ್ಲ. ಕಾಕ ಒಳಗಿನಿಂದ ಬಂದು ನನ್ನ ಮುಖ ನೋಡಿ, ಕೇಳದೆಯೇ ಒಂದು ನೀರಿನ ಬಾಟಲಿ ಕೊಟ್ಟರು.

ಶುಕ್ರವಾರ ನಾನು ಎದ್ದು ನೋಡಿದರೆ ಅಂಗಳಕ್ಕೆ ನೀರು ಚಿಮುಕಿಸಿ ಆಗಿತ್ತು. ಒಂದು ಮೊಳೆಯೂ ಕಡಿಮೆಯಾಗಿರಲಿಲ್ಲ. ಮೇಲಾಗಿ ಆ ನಾಲ್ಕು ಸಾಮಾನಿನ ಚಾದರ ತೆಗೆದು, ಒರೆಸಿ, ಅಂಗಳದ ನಟ್ಟನಡುವೆ ಶೋರೂಮಿನಂತೆ ಜೋಡಿಸಿದ್ದರು. ಗೆಳೆಯ ಬಂದ. ಬಸಳೆಯ ತೊಟ್ಟಿಲು ನೋಡಿದ, ಟ್ರೆಡ್‌ಮಿಲ್ ಮೇಲಿಂದ ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿದ, ಮೇಜಿನ ಮೇಲೆ ಕೈಯಾಡಿಸಿ ನಗುತ್ತಾ ಕೇಳಿದ: "ಇದೆಲ್ಲ ಯಾರದ್ದು ಮಾರಾಯ?"

"ನಂದು" ಎಂದೆ.

ಅವನು ನಗು ನಿಲ್ಲಿಸಿ ನನ್ನನ್ನು ನೋಡಿದ. ಯಾರ ಮಿಮಿಕ್ರಿ ಇದು ಎಂದು ಯೋಚಿಸಿರಬೇಕು.

ಊಟ ಮುಗಿಸಿ, ಸೋಮವಾರ ಅಬುಧಾಬಿಗೆ ಇಂಟರ್‌ವ್ಯೂಗೆ ಬಾ ಎಂದು ಹೇಳಿ ಅವನು ಹೊರಟ. ಕಾರು ತಿರುಗಿದ ಮೇಲೆ ನಾನು ಪೊರಕೆ ಹಿಡಿದಿದ್ದ ಮಾಮಿಯ ಹತ್ತಿರ ನಿಂತೆ. ತಪ್ಪು ಒಪ್ಪಿಕೊಳ್ಳಬೇಕೆಂದಿದ್ದೆ, ಬಾಯಿಂದ ಬಂದದ್ದು ಇಷ್ಟೇ: "ಅರ್ಬಾಬ್ ಬರ್ಲೇ ಇಲ್ಲ ಅಲ್ವಾ ಮಾಮಿ?"

ಮಾಮಿ ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಇಲ್ಲ. ನಿನ್ನ ಆ ನಾಥೂರನಿಗೆ ಹೇಳು, ಇನ್ನೊಮ್ಮೆ ಗ್ರೋಸರಿ ನಂಬರಿನಿಂದ ಫೋನ್ ಮಾಡುವಾಗ ಬರಿಗೈಯಲ್ಲಿ ಮನೆಗೆ ಬರ್ಬೇಡ, ಎರಡು ಕಟ್ಟು ಕೊತ್ತಂಬರಿ ಸೊಪ್ಪು ಹಿಡ್ಕೊಂಡು ಬಾ ಅಂತ."